ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವ ಮುಂಚೆ: ಆಸ್ಪತ್ರೆಯ ಜೊತೆ ಡಿಎನ್‌ಪಿ ಪ್ರಾಜೆಕ್ಟ್ ಪ್ಲಾನ್ ಮಾಡುವ ಬಗೆ

ಹೋದ ಭಾನುವಾರ ರಾತ್ರಿ ಟೆಕ್ಸಾಸ್‌ನಿಂದ ಫೋನು ಬಂತು. ತುಮಕೂರು ಕಡೆ ಹುಡುಗಿ, ಐಸಿಯು ನರ್ಸ್, ಡಿಎನ್‌ಪಿ ಅನ್ನುವ ನರ್ಸಿಂಗ್ ಡಾಕ್ಟರೇಟ್‌ನ ಎರಡನೇ ಸೆಮಿಸ್ಟರ್. "ಅಕ್ಕಾ, ಟಾಪಿಕ್ ರೆಡಿ ಇದೆ. ನಲವತ್ತು ಪೇಪರ್ ಓದಿ ಆಯ್ತು. ಮೇಡಂಗೂ ಇಷ್ಟ ಆಗಿದೆ. ಆದ್ರೆ ಮಾಡೋಕೆ ಆಸ್ಪತ್ರೆನೇ ಸಿಗ್ತಿಲ್ಲ."

ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಅವಳನ್ನು ಬೈಯೋಕೂ ಆಗಲಿಲ್ಲ, ಯಾಕಂದ್ರೆ ನಾನೂ ಕುಲಾವಿ ಹೊಲಿಸಿದವಳೇ. ಇಲ್ಲಿ ಅಮೆರಿಕದಲ್ಲಿ ಇದೇ ಡಿಗ್ರಿ ಮಾಡುವಾಗ ನನ್ನ ಮೊದಲ ಪ್ರೊಪೋಸಲ್ 28 ಪುಟ ಇತ್ತು. ಅದನ್ನು ಹಿಡಿದುಕೊಂಡು ಹೋದಾಗ ಒಬ್ಬ ನರ್ಸ್ ಮ್ಯಾನೇಜರ್ ಮೊದಲ ಪುಟ ನೋಡಿ, "ಚೆನ್ನಾಗಿದೆ, ಆದರೆ ನಮಗೆ ಈ ತೊಂದರೆ ಇಲ್ಲವಲ್ಲ" ಅಂದರು. ಅಷ್ಟೇ. ಎರಡು ನಿಮಿಷದಲ್ಲಿ ಹೊರಗೆ.

ಅವತ್ತಿಂದ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತೇನೆ. ಆಸ್ಪತ್ರೆ ಅವರ ಮನೆ, ನಾವು ಬಾಡಿಗೆಗೆ ಬಂದವರು. ಗೋಡೆಗೆ ಮೊಳೆ ಹೊಡೆಯಬೇಕಾದರೂ ಕೇಳಿ ಹೊಡೆಯಬೇಕು. ಖಾಲಿ ಮಾಡಿ ಹೋಗುವಾಗ ಆ ಮೊಳೆ ಅವರಿಗೆ ಉಪಯೋಗಕ್ಕೆ ಬರಬೇಕು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಪ್ಲಾನಿಂಗ್‌ನ ಅರ್ಧ ತಲೆನೋವು ಕಮ್ಮಿಯಾಗುತ್ತದೆ.

ಇದು ರಿಸರ್ಚ್ ಅಲ್ಲ

ನಮ್ಮ ಕಡೆಯಿಂದ ಬಂದವರಿಗೆ ಇಲ್ಲಿ ಮೊದಲ ಗೊಂದಲ. ಬೆಂಗಳೂರಲ್ಲಿ ಎಂಎಸ್ಸಿ ನರ್ಸಿಂಗ್ ಮಾಡುವಾಗ ಥೀಸಿಸ್ ಅಂದರೆ ಪ್ರಶ್ನಾವಳಿ, ಅರವತ್ತು ಜನ, ಪ್ರೀ-ಟೆಸ್ಟ್, ಪೋಸ್ಟ್-ಟೆಸ್ಟ್, ಕೊನೆಗೆ ಒಂದು ಪಿ ವ್ಯಾಲ್ಯೂ. ಆ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಅಮೆರಿಕದಲ್ಲಿ ನರ್ಸಿಂಗ್‌ಗೆ ಮುಖ್ಯವಾಗಿ ಎರಡು ಡಾಕ್ಟರೇಟ್. ಪಿಎಚ್‌ಡಿ ಹೊಸದನ್ನು ಕಂಡುಹಿಡಿಯಲಿಕ್ಕೆ. ಡಿಎನ್‌ಪಿ, ಅಂದರೆ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್, ಈಗಾಗಲೇ ಗೊತ್ತಿರುವುದನ್ನು ವಾರ್ಡ್‌ಗೆ ತರಲಿಕ್ಕೆ. ಇಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘಟನೆ ಎಎಸಿಎನ್ 2004ರಲ್ಲಿ ಈ ಡಿಗ್ರಿಗೆ ಬೆಂಬಲ ಕೊಟ್ಟಿತು. 2006ರಲ್ಲಿ ಏನೇನು ಕಲಿಸಬೇಕು ಅಂತ ಬರೆದಿಟ್ಟಿತು. ಬಿಎಸ್ಸಿ ನಂತರ ಕನಿಷ್ಠ 1000 ಗಂಟೆ ಪ್ರಾಕ್ಟೀಸ್ ಅನ್ನುವ ಲೆಕ್ಕ ಅಲ್ಲಿಂದ ಬಂದದ್ದು. 2021ರಲ್ಲಿ ಆ ದಾಖಲೆಯನ್ನೇ ಹೊಸದಾಗಿ ಬರೆದರು. ನಿಮ್ಮ ಸ್ಕೂಲು ಗಂಟೆಗಳನ್ನು ಹೇಗೆ ಎಣಿಸುತ್ತದೆ, ಅದರಲ್ಲಿ ಪ್ರಾಜೆಕ್ಟ್‌ಗೆ ಎಷ್ಟು ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಒಂದೊಂದು ಕಡೆ ಒಂದೊಂದು ಥರ.

ನಮಗೆ ಹೆಚ್ಚು ಕೆಲಸಕ್ಕೆ ಬರುವುದು ಅದೇ ಎಎಸಿಎನ್‌ನ 2015ರ ಒಂದು ವರದಿ. ಕ್ಯಾಪ್‌ಸ್ಟೋನ್, ಡಿಸರ್ಟೇಷನ್ ಅಂತೆಲ್ಲ ಕರೆಯಬೇಡಿ, ಡಿಎನ್‌ಪಿ ಪ್ರಾಜೆಕ್ಟ್ ಅನ್ನಿ ಅಂತ ಹೇಳಿದ್ದು ಅದೇ. ಸುಮ್ನೆ ಪೇಪರ್‌ಗಳನ್ನು ಓದಿ ವಿಮರ್ಶೆ ಬರೆದರೆ ಸಾಲದು, ಏನಾದರೂ ಬದಲಾವಣೆಯನ್ನು ಜಾರಿಗೆ ತಂದು ತೋರಿಸಬೇಕು, ನೀವು ಹೋದಮೇಲೂ ಅದು ಉಳಿಯುವುದಕ್ಕೆ ದಾರಿ ಬೇಕು ಅನ್ನುವುದೂ ಅದರಲ್ಲೇ ಇದೆ. ಈ ಕೊನೆಯ ಮಾತನ್ನು ಎಲ್ಲರೂ ಕೊನೆಯ ವಾರದಲ್ಲಿ ಓದುತ್ತಾರೆ.

ಸಮಸ್ಯೆ ಹುಡುಕುವುದು ಎಲ್ಲಿ

ಲೈಬ್ರರಿಯಲ್ಲಿ ಅಲ್ಲ. ವಾರ್ಡ್‌ನ ಗೋಡೆ ಮೇಲೆ.

ಹೆಚ್ಚಿನ ಆಸ್ಪತ್ರೆಗಳಲ್ಲಿ ಪ್ರತಿ ಫ್ಲೋರ್‌ಗೂ ಒಂದು ಹಡಲ್ ಬೋರ್ಡ್ ಇರುತ್ತದೆ. ಬಿದ್ದವರು ಎಷ್ಟು, ಬೆಡ್‌ಸೋರ್ ಎಷ್ಟು, ಕ್ಯಾಥೆಟರ್ ಇನ್‌ಫೆಕ್ಷನ್ ಆಗಿ ಎಷ್ಟು ದಿನ ಆಯಿತು, ಎಲ್ಲ ಮಾರ್ಕರ್‌ನಲ್ಲಿ ಬರೆದಿರುತ್ತಾರೆ. ಕೆಂಪು ಇರುವ ಜಾಗ ನೋಡಿ. ಆಮೇಲೆ ಶಿಫ್ಟ್ ನೋಡಿಕೊಳ್ಳುವ ಚಾರ್ಜ್ ನರ್ಸ್ ಹತ್ತಿರ ಒಂದೇ ಪ್ರಶ್ನೆ ಕೇಳಿ: "ಈ ವರ್ಷ ಮೇಲಿನವರು ನಿಮ್ಮನ್ನು ಯಾವುದಕ್ಕೆ ಜಾಸ್ತಿ ಕೇಳುತ್ತಿದ್ದಾರೆ?" ಉತ್ತರ ಬರಲು ಅರ್ಧ ನಿಮಿಷ ಸಾಕು. ಬೆಂಗಳೂರಲ್ಲಿ ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಸಂಸ್ಥೆ) ಆಡಿಟ್‌ಗೆ ರಾತ್ರಿ ಕೂತು ರಿಜಿಸ್ಟರ್ ತುಂಬಿದವರಿಗೆ ಈ ಲೋಕ ಹೊಸದೇನಲ್ಲ. ಬೈದುಕೊಂಡು ತುಂಬಿದ ಆ ಇಂಡಿಕೇಟರ್‌ಗಳು ನನಗಂತೂ ಇಲ್ಲಿ ಕೈ ಹಿಡಿದವು.

ನಮ್ಮ ಆಸ್ಪತ್ರೆಯಲ್ಲಿ ಉತ್ತರ ಹಾರ್ಟ್ ಫೇಲ್ಯೂರ್. ಊರಲ್ಲಿ ನಾವು "ಹಾರ್ಟ್ ವೀಕ್ ಆಗಿದೆ" ಅಂತೀವಲ್ಲ, ಅದೇ. ಮನೆಗೆ ಹೋದ ರೋಗಿ 30 ದಿನದೊಳಗೆ ವಾಪಸ್ ಅಡ್ಮಿಟ್ ಆದರೆ ಆಸ್ಪತ್ರೆಗೆ ಬಿಸಿ ತಟ್ಟುತ್ತದೆ. 2012ರ ಅಕ್ಟೋಬರ್‌ನಿಂದ ಮೆಡಿಕೇರ್, ಅಂದರೆ ಮುಖ್ಯವಾಗಿ ವಯಸ್ಸಾದವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ, ಇದನ್ನು ಲೆಕ್ಕ ಇಡುತ್ತಿದೆ. ಹಾರ್ಟ್ ಫೇಲ್ಯೂರ್, ಹಾರ್ಟ್ ಅಟ್ಯಾಕ್, ನ್ಯುಮೋನಿಯಾದಿಂದ ಶುರುವಾಯಿತು. ಆಮೇಲೆ ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ), ಮಂಡಿ-ಸೊಂಟದ ಕೀಲು ಬದಲಾವಣೆ, ಬೈಪಾಸ್ ಸೇರಿದವು. ವಾಪಸ್ ಬರುವವರು ಅಂದಾಜಿಗಿಂತ ಜಾಸ್ತಿಯಾದರೆ ಮೆಡಿಕೇರ್ ಕೊಡುವ ಹಣದಲ್ಲಿ 3 ಪರ್ಸೆಂಟ್ ತನಕ ಕಟ್. ದೊಡ್ಡ ಆಸ್ಪತ್ರೆಗೆ ಅದು ಸಣ್ಣ ಮೊತ್ತವಲ್ಲ. ನೀವು ಇಂಥ ಸಮಸ್ಯೆ ಮುಟ್ಟಿದರೆ ಬಾಗಿಲು ತಾನಾಗಿ ತೆರೆಯುತ್ತದೆ.

ಆದರೆ ನನಗೆ ಇದು ಹಿಡಿಸಿದ್ದು 3 ಪರ್ಸೆಂಟ್‌ನಿಂದ ಅಲ್ಲ, ಒಬ್ಬ ಅಜ್ಜನಿಂದ. ಮನೆಗೆ ಹೋಗಿ ಮೂರು ವಾರ ಆಗಿರಲಿಲ್ಲ, ಉಸಿರಾಡಲು ಆಗದೆ ಐಸಿಯುಗೆ ಬಂದಿದ್ದರು. ಕಾಲು ಊದಿ ಸಾಕ್ಸ್‌ನ ಗೆರೆ ಆಳವಾಗಿ ಕೂತಿತ್ತು. ರಾತ್ರಿ ಸ್ವಲ್ಪ ಸುಧಾರಿಸಿದ ಮೇಲೆ ಕೇಳಿದೆ, ಮನೆಯಲ್ಲಿ ಉಪ್ಪು ಕಮ್ಮಿ ಮಾಡಿದ್ದಿರಾ ಅಂತ. "ಉಪ್ಪಿನ ಡಬ್ಬಿಯನ್ನು ಮುಟ್ಟೇ ಇಲ್ಲ" ಅಂದರು, ಸ್ವಲ್ಪ ಬೇಜಾರಿನಿಂದಲೇ. ಮಧ್ಯಾಹ್ನ ಏನು ಊಟ? ಡಬ್ಬಿ ಸೂಪು. ದಿನಾ. ಅದರ ಒಂದು ಡಬ್ಬಿಯಲ್ಲೇ 1000 ಮಿಲಿಗ್ರಾಂ ದಾಟಿದ ಸೋಡಿಯಂ ಇರುವುದು ಮಾಮೂಲು. ಅವರಿಗೆ ಯಾರೂ ಅದನ್ನು ಹೇಳಿರಲಿಲ್ಲ, ಅಥವಾ ಹೇಳಿದ್ದು ಅವರಿಗೆ ತಲುಪಿರಲಿಲ್ಲ. ಹಿಂದಿನ ಡಿಸ್ಚಾರ್ಜ್ ಚಾರ್ಟ್ ತೆಗೆದರೆ ಶಿಕ್ಷಣದ ಕಾಲಂನಲ್ಲಿ ನೀಟಾಗಿ ಟಿಕ್: "ವರ್ಬಲೈಸಸ್ ಅಂಡರ್‌ಸ್ಟ್ಯಾಂಡಿಂಗ್". ಅಂದರೆ ರೋಗಿ ಅರ್ಥವಾಯಿತು ಅಂದಿದ್ದಾರೆ.

ನಾವೂ ಹಾಗೇ ಅಲ್ವಾ? ಡಾಕ್ಟರು "ಅರ್ಥ ಆಯ್ತಾ" ಅಂದರೆ "ಹೂಂ" ಅಂತೀವಿ. ಅವರ ಮುಂದೆ ಇಲ್ಲ ಅನ್ನೋಕೆ ಸಂಕೋಚ.

ಈ "ಹೂಂ"ಗೆ ಮದ್ದು ಆಗಲೇ ಇದೆ, ಟೀಚ್-ಬ್ಯಾಕ್ ಅಂತ. ಅರ್ಥ ಆಯ್ತಾ ಅಂತ ಕೇಳುವುದಿಲ್ಲ. "ಮನೆಗೆ ಹೋದಮೇಲೆ ಮೈಯ ನೀರು ಇಳಿಸುವ ಈ ನೀರಿನ ಮಾತ್ರೆ ಬಗ್ಗೆ ನಿಮ್ಮ ಹೆಂಡತಿಗೆ ಏನು ಹೇಳ್ತೀರಿ?" ಅಂತ ಕೇಳುತ್ತೇವೆ. ರೋಗಿ ತನ್ನ ಮಾತಿನಲ್ಲಿ ಹೇಳಬೇಕು. ತಪ್ಪಿದರೆ ನಾವು ಇನ್ನೊಂದು ಥರ ವಿವರಿಸಿ ಮತ್ತೆ ಕೇಳಬೇಕು. ಪರೀಕ್ಷೆ ರೋಗಿಗಲ್ಲ, ನಾವು ಹೇಳಿಕೊಟ್ಟ ರೀತಿಗೆ. ಹೊಸದಾಗಿ ಕಂಡುಹಿಡಿಯುವುದು ಏನೂ ಇಲ್ಲ. ಗೊತ್ತಿರುವುದು ವಾರ್ಡ್‌ನಲ್ಲಿ ನಡೆಯುತ್ತಿಲ್ಲ. ಡಿಎನ್‌ಪಿ ಪ್ರಾಜೆಕ್ಟ್‌ಗೆ ಇಂಥ ಸಂದು ಬೇಕು.

ಯಾರನ್ನು ಕಾಣಬೇಕು, ಏನು ಹಿಡಿದುಕೊಂಡು ಹೋಗಬೇಕು

ಒಂದು ಹಾಳೆ. 28 ಪುಟ ಬೇಡ. ಮೇಲೆ ಅವರ ಸಮಸ್ಯೆ ಎರಡು ಸಾಲು. ಕೆಳಗೆ ನೀವು ಏನು ಮಾಡಬೇಕೆಂದಿದ್ದೀರಿ. ಅದರ ಕೆಳಗೆ ಅವರಿಂದ ಏನು ಬೇಕು: ಯಾವ ವಾರ್ಡ್, ಎಷ್ಟು ವಾರ, ನರ್ಸ್‌ಗಳ ಸಮಯ ಎಷ್ಟು ನಿಮಿಷ, ಯಾವ ಡೇಟಾ. ಈ ನಾಲ್ಕನ್ನು ಮುಚ್ಚಿಡಬೇಡಿ. ಮ್ಯಾನೇಜರ್‌ಗೆ ಭಯ ಇರುವುದು ಅದರದ್ದೇ.

ಮೊದಲು ಆ ವಾರ್ಡ್‌ನ ಮ್ಯಾನೇಜರ್. ಆಮೇಲೆ ಕ್ವಾಲಿಟಿ ವಿಭಾಗ, ಅವರ ಹತ್ತಿರ ನಂಬರ್ ಇರುತ್ತದೆ. ಕಂಪ್ಯೂಟರ್ ಚಾರ್ಟ್ ನೋಡಿಕೊಳ್ಳುವ ಇನ್‌ಫರ್ಮ್ಯಾಟಿಕ್ಸ್ ನರ್ಸ್. ಸಿಎನ್‌ಒ, ಅಂದರೆ ನರ್ಸಿಂಗ್‌ನ ಮುಖ್ಯಸ್ಥರ ಸಹಿ ಕೊನೆಗೆ ಬೇಕಾಗುತ್ತದೆ, ಆದರೆ ಅಲ್ಲಿಂದ ಶುರು ಮಾಡಬೇಡಿ. ಮೇಲಿಂದ ಬಂದದ್ದು ಅಂತ ಗೊತ್ತಾದರೆ ಕೆಳಗಿನವರು ತಲೆ ಆಡಿಸುತ್ತಾರೆ, ಮಾಡುವುದಿಲ್ಲ. ನಿಮ್ಮದು ಒಳ್ಳೆಯ ನರ್ಸಿಂಗ್‌ಗೆ ಕೊಡುವ ಮ್ಯಾಗ್ನೆಟ್ ಮಾನ್ಯತೆ ಇರುವ ಅಥವಾ ಅದಕ್ಕೆ ಓಡಾಡುತ್ತಿರುವ ಆಸ್ಪತ್ರೆಯಾದರೆ ಅದೃಷ್ಟ. ನರ್ಸ್‌ಗಳೇ ಮಾಡಿದ ಸುಧಾರಣೆ ಅವರಿಗೂ ತೋರಿಸಲು ಬೇಕು.

ಇವರಲ್ಲಿ ಯಾರೂ ಅಲ್ಲದ ಇನ್ನೊಬ್ಬರನ್ನು ಹುಡುಕಿ. ಆ ವಾರ್ಡ್‌ನಲ್ಲಿ ಹದಿನೈದು ವರ್ಷ ಕೆಲಸ ಮಾಡಿದ, ಎಲ್ಲರೂ ಮಾತು ಕೇಳುವ ನರ್ಸ್. ಸಾಮಾನ್ಯವಾಗಿ ಯಾವ ಹುದ್ದೆಯೂ ಇರುವುದಿಲ್ಲ. ನನಗೆ ಸಿಕ್ಕವರು ನೈಟ್ ಶಿಫ್ಟ್‌ನಲ್ಲಿದ್ದರು. ಮೊದಲ ದಿನ ನನ್ನ ಹಾಳೆ ನೋಡಿ, "ಡಿಸ್ಚಾರ್ಜ್ ದಿನ ಟೀಚಿಂಗ್ ಅಂತ ಬರೆದಿದ್ದೀಯ. ಡಿಸ್ಚಾರ್ಜ್ ಎಷ್ಟು ಗಂಟೆಗೆ ಆಗುತ್ತೆ ಗೊತ್ತಾ?" ಅಂದರು. ಸಂಜೆ ನಾಲ್ಕಕ್ಕೆ. ಹೊಸ ಅಡ್ಮಿಷನ್ ಕಾಯುತ್ತಿರುತ್ತದೆ, ಮಗ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿರುತ್ತಾನೆ, ರೋಗಿ ಅಂಗಿ ಹಾಕಿಕೊಂಡು ಕೂತಿರುತ್ತಾರೆ. ಆಗ ಯಾವ ಟೀಚ್-ಬ್ಯಾಕು? ಅಡ್ಮಿಟ್ ಆದ ಎರಡನೇ ದಿನದಿಂದಲೇ ದಿನಕ್ಕೊಂದು ವಿಷಯ ಅಂತ ಪ್ಲಾನ್ ಬದಲಾಯಿಸಿದೆವು. ಒಂದು ದಿನ ತೂಕ (ಮೈಯಲ್ಲಿ ನೀರು ನಿಂತರೆ ಏರುವುದು ಅದೇ), ಒಂದು ದಿನ ಉಪ್ಪು, ಒಂದು ದಿನ ನೀರಿನ ಮಾತ್ರೆ. ನಲವತ್ತು ಪೇಪರ್ ಓದಿದರೂ ನನಗೆ ಇದು ಹೊಳೆದಿರಲಿಲ್ಲ.

ಒಪ್ಪಂದ: ನಾನು ಎಡವಿದ್ದು ಇಲ್ಲೇ

ಇದನ್ನು ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಯೂನಿವರ್ಸಿಟಿಗೂ ಆಸ್ಪತ್ರೆಗೂ ನಡುವೆ ಅಫಿಲಿಯೇಷನ್ ಅಗ್ರಿಮೆಂಟ್ ಅನ್ನುವ ಕಾಗದ ಇರಬೇಕು. ವಿದ್ಯಾರ್ಥಿಯಾಗಿ ನೀವು ಒಳಗೆ ಕಾಲಿಡಲು ಅದೇ ಆಧಾರ. ಎರಡೂ ಕಡೆಯ ವಕೀಲರು ನೋಡಬೇಕು. ವಿಮೆ ಯಾರದ್ದು, ಏನಾದರೂ ಆದರೆ ಹೊಣೆ ಯಾರದ್ದು ಅಂತ ಒಂದು ಸಾಲಿಗೆ ಒಂದು ತಿಂಗಳು ಜಗ್ಗಾಡುತ್ತಾರೆ.

ನಾನು ಮೊದಲು ಹಿಡಿದ ಆಸ್ಪತ್ರೆ ಈಗಿನದ್ದಲ್ಲ. ಅಲ್ಲಿನ ಮ್ಯಾನೇಜರ್ ಖುಷಿಯಿಂದ ಒಪ್ಪಿದರು, ಬೆಂಬಲದ ಪತ್ರವನ್ನೂ ಕೊಟ್ಟರು. ಅಗ್ರಿಮೆಂಟ್ ಮಾತ್ರ ಐದು ತಿಂಗಳು ಯಾರದೋ ಟೇಬಲ್ ಮೇಲೆ ಕೂತಿತ್ತು. ನಾಲ್ಕನೇ ತಿಂಗಳಲ್ಲಿ ಆ ಮ್ಯಾನೇಜರ್ ಕೆಲಸ ಬಿಟ್ಟರು. ಹೊಸಬರು ಬಂದು "ಈಗ ಬೇಡ" ಅಂದರು. ಒಂದು ಸೆಮಿಸ್ಟರ್ ಫೀಸು, ಒಂದು ಚಳಿಗಾಲ, ಎರಡೂ ನೀರಿನಲ್ಲಿ ಹೋಮ.

ಆದ್ದರಿಂದ ಮೂರು ಕೆಲಸ ಮಾಡಿ. ನಿಮ್ಮ ಸ್ಕೂಲಿಗೆ ಯಾವ್ಯಾವ ಆಸ್ಪತ್ರೆ ಜೊತೆ ಈಗಾಗಲೇ ಅಗ್ರಿಮೆಂಟ್ ಇದೆ ಅಂತ ಪಟ್ಟಿ ತರಿಸಿಕೊಳ್ಳಿ. ಪಟ್ಟಿಯಲ್ಲಿ ಹೆಸರಿದ್ದರೂ ಅದರ ಮುಗಿಯುವ ತಾರೀಕು ಕೇಳಿ. ಬೆಂಬಲದ ಪತ್ರ ಒಬ್ಬರ ಹೆಸರಿನಲ್ಲಿ ಬೇಡ, ಇಬ್ಬರ ಸಹಿ ಇರಲಿ. ಒಬ್ಬರು ಹೋದರೆ ಇನ್ನೊಬ್ಬರು ಉಳಿಯುತ್ತಾರೆ.

ಆಮೇಲೆ ನಾನು ಕೆಲಸ ಮಾಡುವ ಆಸ್ಪತ್ರೆಗೇ ಬಂದೆ. ನಾನು ಐಸಿಯು, ಪ್ರಾಜೆಕ್ಟ್ ಎರಡು ಮಹಡಿ ಕೆಳಗಿನ ಟೆಲಿಮೆಟ್ರಿ ವಾರ್ಡ್‌ನಲ್ಲಿ, ಅಂದರೆ ರೋಗಿಯ ಹೃದಯದ ಬಡಿತವನ್ನು ಸದಾ ಮಾನಿಟರ್‌ನಲ್ಲಿ ನೋಡುವ ಕಡೆ. ಸ್ವಂತ ಆಸ್ಪತ್ರೆಯಲ್ಲಿ ಮಾಡಿದರೆ ಸಲೀಸು. ಬಾಗಿಲು ಗೊತ್ತು, ಜನ ಗೊತ್ತು, ಕಾಫಿ ಮೆಷಿನ್ ಎಲ್ಲಿದೆ ಗೊತ್ತು. ಆದರೆ ಒಂದು ದೊಡ್ಡ ಗುಂಡಿ ಇದೆ. ಕೆಲಸದ ಲಾಗಿನ್ ಇದೆಯಲ್ಲ ಅಂತ ಪ್ರಾಜೆಕ್ಟ್‌ಗಾಗಿ ರೋಗಿಗಳ ಚಾರ್ಟ್ ತೆರೆಯುವುದು. ಅನುಮತಿ ಬರುವ ಮುಂಚೆ ಇದನ್ನು ಮಾಡಲೇಬೇಡಿ. ಯಾರು ಯಾವ ಚಾರ್ಟ್ ತೆರೆದರು ಅನ್ನುವುದು ಸಿಸ್ಟಂನಲ್ಲಿ ದಾಖಲಾಗುತ್ತದೆ. ಕೆಲಸ ಹೋಗುತ್ತದೆ. ಎಚ್-1ಬಿ ವೀಸಾದಲ್ಲಿ ಇರುವವರಿಗೆ ಅದರ ಅರ್ಥ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಐಆರ್‌ಬಿ ಮತ್ತು ಹಿಪಾ

ಸಂಶೋಧನೆಗೆ ಒಪ್ಪಿಗೆ ಕೊಡುವ ಸಮಿತಿ ಐಆರ್‌ಬಿ. "ನಂದು ಸುಧಾರಣೆ ಕೆಲಸ, ರಿಸರ್ಚ್ ಅಲ್ಲ, ಹಾಗಾಗಿ ಐಆರ್‌ಬಿ ಬೇಡ" ಅಂತ ನೀವೇ ತೀರ್ಮಾನ ಮಾಡಬೇಡಿ. ಅದನ್ನು ಹೇಳಬೇಕಾದವರು ಅವರೇ, ಕಾಗದದಲ್ಲಿ. ಫೆಡರಲ್ ನಿಯಮದ ಪ್ರಕಾರ ರಿಸರ್ಚ್ ಅಂದರೆ ಬೇರೆ ಕಡೆಗೂ ಅನ್ವಯವಾಗುವ ತಿಳಿವಳಿಕೆ ಹುಟ್ಟಿಸಲು ವ್ಯವಸ್ಥಿತವಾಗಿ ಮಾಡುವ ತನಿಖೆ. ಒಂದು ವಾರ್ಡ್‌ನಲ್ಲಿ, ಈಗಾಗಲೇ ಒಪ್ಪಿತವಾದ ಪದ್ಧತಿಯನ್ನು ಸರಿಯಾಗಿ ಮಾಡಿಸುವುದು ಸಾಮಾನ್ಯವಾಗಿ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅರ್ಜಿ ಹಾಕಿ, "ಇದು ಮಾನವ ಸಂಶೋಧನೆ ಅಲ್ಲ" ಅನ್ನುವ ಪತ್ರ ತೆಗೆದುಕೊಳ್ಳಿ. ಸ್ಕೂಲಿನ ಐಆರ್‌ಬಿ ಬೇರೆ, ಆಸ್ಪತ್ರೆಯದು ಬೇರೆ. ಯಾರದು ಮೊದಲು ಅಂತ ಕೇಳಿಕೊಳ್ಳಿ, ಇಲ್ಲದಿದ್ದರೆ ಇಬ್ಬರೂ ಇನ್ನೊಬ್ಬರ ಪತ್ರಕ್ಕೆ ಕಾಯುತ್ತಾ ಕೂರುತ್ತಾರೆ. ಅರ್ಜಿಯಲ್ಲಿ ಭಾಷೆ ನೋಡಿಕೊಳ್ಳಿ. "ಸಬ್ಜೆಕ್ಟ್ಸ್", "ಹೈಪಾಥಿಸಿಸ್", "ಕಂಟ್ರೋಲ್ ಗ್ರೂಪ್" ಅಂತ ಎಂಎಸ್ಸಿ ಅಭ್ಯಾಸಬಲದಿಂದ ಬರೆದರೆ ಅವರು ಅದನ್ನು ರಿಸರ್ಚ್ ಅಂತಲೇ ಓದುತ್ತಾರೆ. ನನ್ನದು ಒಮ್ಮೆ ವಾಪಸ್ ಬಂದದ್ದು ಇದೇ ಕಾರಣಕ್ಕೆ.

ಹಿಪಾ, ರೋಗಿಯ ಮಾಹಿತಿ ಗುಟ್ಟಾಗಿಡಬೇಕು ಅನ್ನುವ 1996ರ ಕಾನೂನು, ಇಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ರೋಗಿಯ ಗುರುತು ಸಿಗದಂತೆ ತೆಗೆಯಬೇಕಾದ ವಿವರಗಳು 18 ಅನ್ನುವುದೂ ಎಷ್ಟೋ ಜನಕ್ಕೆ ಗೊತ್ತು. ಹೆಸರು, ಎಂಆರ್ ನಂಬರ್ (ಆಸ್ಪತ್ರೆಯ ದಾಖಲೆ ನಂಬರ್) ತೆಗೆದುಬಿಟ್ಟರೆ ಮುಗಿಯಿತು ಅಂದುಕೊಳ್ಳುತ್ತಾರೆ. ಅಡ್ಮಿಟ್ ಆದ ತಾರೀಕೂ ಅದರಲ್ಲಿ ಒಂದು, 89 ದಾಟಿದವರ ವಯಸ್ಸೂ ಒಂದು. ನನ್ನ ಎಕ್ಸೆಲ್ ಶೀಟ್‌ನಲ್ಲಿ ತಾರೀಕಿನ ಬದಲು ವಾರ 1, ವಾರ 2 ಅಂತ ಹಾಕಿದೆ. ವಾರ ವಾರದ ಏರಿಳಿತ ತೋರಿಸುವ ರನ್ ಚಾರ್ಟ್‌ಗೆ ಅಷ್ಟೇ ಸಾಕು. ಶೀಟ್ ಆಸ್ಪತ್ರೆಯ ಡ್ರೈವ್‌ನಲ್ಲೇ ಇರಲಿ, ನಿಮ್ಮ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ, ಹತ್ತು ನಿಮಿಷಕ್ಕೂ ಬೇಡ.

ಗುರಿ ಚಿಕ್ಕದು ಮಾಡಿ, ಆಮೇಲೆ ಇನ್ನೂ ಚಿಕ್ಕದು ಮಾಡಿ

ನನ್ನ ಎರಡನೇ ಪ್ಲಾನ್‌ನಲ್ಲಿ ಟೀಚ್-ಬ್ಯಾಕ್ ಇತ್ತು, 72 ಗಂಟೆಯೊಳಗೆ ಮನೆಗೆ ಫೋನ್ ಇತ್ತು, ಏಳು ದಿನದೊಳಗೆ ಕ್ಲಿನಿಕ್ ಅಪಾಯಿಂಟ್‌ಮೆಂಟ್ ಇತ್ತು, ಎಲ್ಲರಿಗೂ ತೂಕದ ಮೆಷಿನ್ ಕೊಡುವುದಿತ್ತು. ಕ್ವಾಲಿಟಿಯ ಮೇಡಂ ಪೆನ್ಸಿಲ್ ತೆಗೆದುಕೊಂಡು "ಫೋನ್ ಮಾಡುವವರು ಯಾರು?" ಅಂದರು. ನಾನು ಸುಮ್ಮನಾದೆ. ಗೆರೆ ಎಳೆದರು. "ಅಪಾಯಿಂಟ್‌ಮೆಂಟ್ ಕ್ಲಿನಿಕ್‌ನವರ ಕೈಯಲ್ಲಿದೆ." ಇನ್ನೊಂದು ಗೆರೆ. ಉಳಿದದ್ದು ಟೀಚ್-ಬ್ಯಾಕ್ ಮತ್ತು, ಮನೆಯಲ್ಲಿ ತೂಕದ ಮೆಷಿನ್ ಇಲ್ಲದವರಿಗೆ ಒಂದು ಮೆಷಿನ್. ಬೇಜಾರಾಯಿತು ಆಗ. ಆ ಪೆನ್ಸಿಲ್ ಇಲ್ಲದಿದ್ದರೆ ನಾನು ಇನ್ನೂ ಗ್ರಾಜುಯೇಟ್ ಆಗುತ್ತಿರಲಿಲ್ಲ.

ಗುರಿಯ ವಾಕ್ಯ ಹೀಗೆ ಬಂತು: 12 ವಾರದಲ್ಲಿ, ಟೆಲಿಮೆಟ್ರಿ ವಾರ್ಡ್‌ನಿಂದ ಮನೆಗೆ ಹೋಗುವ ಹಾರ್ಟ್ ಫೇಲ್ಯೂರ್ ರೋಗಿಗಳಲ್ಲಿ 100ಕ್ಕೆ 80 ಜನರಿಗಾದರೂ ತೂಕ, ಉಪ್ಪು, ಮಾತ್ರೆ ಮೂರರ ಟೀಚ್-ಬ್ಯಾಕ್ ಆಗಿ ಚಾರ್ಟ್‌ನಲ್ಲಿ ಬರೆದಿರಬೇಕು. ಯಾರು, ಎಲ್ಲಿ, ಏನು, ಎಷ್ಟು, ಯಾವಾಗ. ಒಂದೇ ಉಸಿರಿನಲ್ಲಿ ಹೇಳಲು ಬರಬೇಕು.

ಗಮನಿಸಿ, ಗುರಿಯಲ್ಲಿ "ರೀ-ಅಡ್ಮಿಷನ್ ಕಮ್ಮಿ ಮಾಡುತ್ತೇನೆ" ಅಂತ ಇಲ್ಲ. ಇಲ್ಲಿ ತುಂಬಾ ಜನ ಜಾರುತ್ತಾರೆ. ಒಂದು ವಾರ್ಡ್‌ನಲ್ಲಿ 12 ವಾರಕ್ಕೆ ಸಿಗುವ ರೋಗಿಗಳು ಕಡಿಮೆ. ಇಬ್ಬರು ಹೆಚ್ಚು ಕಮ್ಮಿ ವಾಪಸ್ ಬಂದರೆ ಪರ್ಸೆಂಟ್ ಎಲ್ಲೆಲ್ಲಿಗೋ ಹಾರುತ್ತದೆ. ಕೊನೆಯ ದಿನ ಮನೆಗೆ ಹೋದ ರೋಗಿಗೆ 30 ದಿನ ಮುಗಿಯುವ ತನಕ ಕಾಯಬೇಕು, ಅಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಚಳಿಗಾಲದಲ್ಲಿ ಹಾರ್ಟ್ ಫೇಲ್ಯೂರ್ ಅಡ್ಮಿಷನ್ ತಾನಾಗಿ ಏರುತ್ತದೆ, ಹಾಗಾಗಿ ಜೂನ್ ನಂಬರನ್ನು ಜನವರಿ ನಂಬರ್ ಜೊತೆ ಹೋಲಿಸಿದರೆ ನಿಮ್ಮ ಒಳ್ಳೆ ಕೆಲಸವೂ ಕೆಟ್ಟದಾಗಿ ಕಾಣುತ್ತದೆ. ಆದ್ದರಿಂದ ಕೆಲಸ ನಡೆಯಿತೇ ಅನ್ನುವುದು ಮುಖ್ಯ ಅಳತೆ. ರೀ-ಅಡ್ಮಿಷನ್ ಪಕ್ಕದಲ್ಲಿ ಬರೆದಿಡಿ, ಹಿಂದಿನ ವರ್ಷದ ಅದೇ ತಿಂಗಳುಗಳ ಜೊತೆ ಹೋಲಿಸಿ. ಮೂರನೆಯದಾಗಿ, ನಿಮ್ಮ ಬದಲಾವಣೆಯಿಂದ ಬೇರೇನಾದರೂ ಕೆಟ್ಟಿತಾ ಅಂತ ನೋಡುವ ಒಂದು ಅಳತೆ ಬೇಕು. ನಮ್ಮದರಲ್ಲಿ ಡಿಸ್ಚಾರ್ಜ್ ತಡವಾಗುತ್ತಿದೆಯೇ ಅನ್ನುವುದು. ಮ್ಯಾನೇಜರ್ ನಿಜವಾಗಿ ಕೇಳುವುದು ಇದೊಂದನ್ನೇ.

ಮೊದಲಿನ ಸ್ಥಿತಿ ತಿಳಿಯಲು ಐಟಿಯವರಿಗೆ ರಿಪೋರ್ಟ್ ಕೇಳುವ ಮುಂಚೆ, ಅನುಮತಿ ಬಂದ ಮೇಲೆ, ಹತ್ತು ಚಾರ್ಟ್ ಕೈಯಾರೆ ಓದಿ. ನಾನು ಓದಿದಾಗ ತಿಳಿಯಿತು, ಟೀಚಿಂಗ್ ಎರಡು ಕಡೆ ದಾಖಲಾಗುತ್ತಿತ್ತು. ಕೆಲವರು ಶಿಕ್ಷಣದ ಕಾಲಂನಲ್ಲಿ ಟಿಕ್ ಮಾಡುತ್ತಿದ್ದರು, ಕೆಲವರು ನೋಟ್‌ನಲ್ಲಿ ಬರೆಯುತ್ತಿದ್ದರು. ರಿಪೋರ್ಟ್ ಬರುವುದು ಕಾಲಂನಿಂದ ಮಾತ್ರ. ಅಂದರೆ ಅರ್ಧ ಕೆಲಸ ಎಣಿಕೆಗೇ ಬರುತ್ತಿರಲಿಲ್ಲ. ನೇರವಾಗಿ ರಿಪೋರ್ಟ್ ತರಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಬದಲಾವಣೆ ಹೇಗೆ ತರಬೇಕು ಅಂತ ಹೇಳುವ ಸಿದ್ಧ ಚೌಕಟ್ಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೆವಿನ್, ಕಾಟರ್, ಅಯೋವಾ ಮಾಡೆಲ್, ಯಾವುದಾದರೂ ಒಂದು ಇಟ್ಟುಕೊಳ್ಳಿ. ಅಯೋವಾ ಮಾಡೆಲ್‌ನ ಚಿತ್ರ ಬಳಸಲು ಅನುಮತಿ ಕೇಳಬೇಕು, ಪ್ರಶ್ನಾವಳಿಗಳಿಗೂ ಹಾಗೇ. ದಯವಿಟ್ಟು ನೀವೇ ಕೂತು ಹೊಸ ಪ್ರಶ್ನಾವಳಿ ಬರೆಯಬೇಡಿ.

ಒಬ್ಬ ನರ್ಸ್, ಒಬ್ಬ ರೋಗಿ, ಒಂದು ದಿನ

ಪಿಡಿಎಸ್‌ಎ ಅಂದರೆ ಪ್ಲಾನ್, ಡು, ಸ್ಟಡಿ, ಆಕ್ಟ್. ಎಲ್ಲರೂ ಪ್ರೊಪೋಸಲ್‌ನಲ್ಲಿ ಒಂದು ಚಕ್ರ ಬರೆದು, ಅದನ್ನೇ 12 ವಾರ ಎಳೆಯುತ್ತಾರೆ. ಹಾಗಲ್ಲ. ಮೊದಲ ಸುತ್ತು ಒಂದೇ ದಿನದ್ದು. ಒಪ್ಪಿದ ಒಬ್ಬ ನರ್ಸ್, ಒಬ್ಬ ರೋಗಿ. ನಮ್ಮ ಮೊದಲ ಸುತ್ತಿನಲ್ಲಿ ಗೊತ್ತಾದದ್ದು ಎರಡು. ಹಾಳೆ ನರ್ಸಿಂಗ್ ಸ್ಟೇಷನ್‌ನ ಡ್ರಾಯರ್‌ನಲ್ಲಿತ್ತು, ಅಲ್ಲಿ ತನಕ ಯಾರೂ ನಡೆಯಲಿಲ್ಲ. ಹಾಳೆಯಲ್ಲಿ ಅಕ್ಷರ ಸಣ್ಣದಿತ್ತು, ರೋಗಿ ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರು. ಮಾರನೇ ದಿನ ಅಕ್ಷರ ದೊಡ್ಡದಾಯಿತು, ಹಾಳೆ ರೋಗಿಯ ಕೋಣೆಯ ವೈಟ್‌ಬೋರ್ಡ್ ಪಕ್ಕಕ್ಕೆ ಬಂತು. ಹಾಳೆಯ ಮೇಲ್ಗಡೆ ಒಂದೇ ದಪ್ಪ ಸಾಲು: ಒಂದು ದಿನದಲ್ಲಿ 2–3 ಪೌಂಡ್, ಅಥವಾ ವಾರದಲ್ಲಿ 5 ಪೌಂಡ್ ತೂಕ ಏರಿದರೆ ಈ ನಂಬರಿಗೆ ಫೋನ್ ಮಾಡಿ.

ಹೀಗೆ ಮೂರು ನಾಲ್ಕು ಸಣ್ಣ ಸುತ್ತು ಆದಮೇಲೆ ಇಡೀ ವಾರ್ಡ್‌ಗೆ ಹೋಗಿ. ಪ್ಲಾನ್‌ನಲ್ಲಿ ಇವಕ್ಕೆ ಮೂರು ವಾರ ಇಟ್ಟುಕೊಂಡಿರಿ. ನೈಟ್ ಶಿಫ್ಟ್‌ನವರಿಗೆ ಹೇಳಿಕೊಡಲು ರಾತ್ರಿಯೇ ಹೋಗಿ, ಬೆಳಿಗ್ಗೆ ಏಳಕ್ಕೆ ಮನೆಗೆ ಹೋಗುವ ಹೊತ್ತಲ್ಲಿ ಹಿಡಿದು ನಿಲ್ಲಿಸಬೇಡಿ. ನಾನು ನೈಟ್ ಮಾಡುವವಳು, ಆ ಹೊತ್ತಲ್ಲಿ ನನಗೆ ಯಾರು ಏನು ಹೇಳಿದರೂ "ಹೂಂ" ಅಂತೀನಿ.

ನಿಮ್ಮ ಅಳತೆಯ ನಂಬರಿಗೆ ವಾರ ವಾರ ಚುಕ್ಕಿ ಇಟ್ಟು ರನ್ ಚಾರ್ಟ್ ಬರೆಯಿರಿ. ನಡುವಿನ ಗೆರೆಯ (ಮೀಡಿಯನ್) ಒಂದೇ ಬದಿಯಲ್ಲಿ ಸತತ 6 ಚುಕ್ಕಿ ಬಂದರೆ ನಿಜವಾಗಿ ಏನೋ ಬದಲಾಗಿದೆ. ಸತತ 5 ಚುಕ್ಕಿ ಏರುತ್ತಾ ಅಥವಾ ಇಳಿಯುತ್ತಾ ಹೋದರೂ ಹಾಗೇ. ಒಂದು ವಾರ ಏರಿತು ಅಂತ ಕೇಕ್ ತರಬೇಡಿ. ಇದನ್ನು ವಾರ್ಡ್‌ನ ಬೋರ್ಡ್ ಮೇಲೆ ಅಂಟಿಸಿ, ಯಾವ ನರ್ಸ್ ಎಷ್ಟು ಮಾಡಿದರು ಅನ್ನುವುದನ್ನು ಮಾತ್ರ ಎಂದೂ ಅಂಟಿಸಬೇಡಿ.

ಕ್ಯಾಲೆಂಡರ್ ಮತ್ತು ದುಡ್ಡು

ಶುರು ಮಾಡುವ ದಿನಕ್ಕೆ ಪಂಚಾಂಗ ನೋಡುವಷ್ಟೇ ಶ್ರದ್ಧೆಯಿಂದ ಆಸ್ಪತ್ರೆಯ ಕ್ಯಾಲೆಂಡರ್ ನೋಡಿ. ಕಂಪ್ಯೂಟರ್ ಚಾರ್ಟ್ ಅಪ್‌ಗ್ರೇಡ್ ಆಗುವ ವಾರ ರಾಹುಕಾಲ. ಜುಲೈನಲ್ಲಿ ಹೊಸ ರೆಸಿಡೆಂಟ್ ಡಾಕ್ಟರುಗಳು ಬರುತ್ತಾರೆ. ಥ್ಯಾಂಕ್ಸ್‌ಗಿವಿಂಗ್‌ನಿಂದ ಹೊಸ ವರ್ಷದ ತನಕ ಅರ್ಧ ಜನ ರಜೆ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್‌ನ ತಪಾಸಣೆ ಹೇಳದೆ ಕೇಳದೆ ಬರುತ್ತದೆ. ಕೊನೆಯ ಸಲ ಬಂದು ಎರಡೂವರೆ ವರ್ಷ ದಾಟಿದ್ದರೆ ಎಲ್ಲರೂ ಅದರ ತಯಾರಿಯಲ್ಲೇ ಇರುತ್ತಾರೆ, ವಾರ್ಡ್‌ನಲ್ಲಿ ಯಾರಿಗೂ ನಿಮ್ಮ ಹಾಳೆ ಕಾಣುವುದಿಲ್ಲ.

ಖರ್ಚು ಬರೆಯುವಾಗ ಪ್ರಿಂಟು, ಲ್ಯಾಮಿನೇಷನ್ ಅಂತ ಬರೆದು ನಿಲ್ಲಿಸಬೇಡಿ. ಪ್ರತಿ ನರ್ಸ್‌ನ 20 ನಿಮಿಷದ ಟ್ರೈನಿಂಗ್‌ಗೂ ಸಂಬಳ ಇದೆ, ಅದನ್ನು ಮ್ಯಾನೇಜರ್ ತನ್ನ ಬಜೆಟ್‌ನಿಂದ ಕೊಡುತ್ತಾರೆ. ಅದನ್ನು ನೀವೇ ಲೆಕ್ಕ ಹಾಕಿ ತೋರಿಸಿದರೆ ಅವರ ಮುಖ ಸ್ವಲ್ಪ ಸಡಿಲವಾಗುತ್ತದೆ. ತೂಕದ ಮೆಷಿನ್‌ಗೆ ನಾವು ಆಸ್ಪತ್ರೆಯ ದತ್ತಿ ನಿಧಿಗೆ ಸಣ್ಣ ಅರ್ಜಿ ಹಾಕಿದೆವು. ಅರ್ಜಿ ಬರೆಯಲು ಒಂದು ಸಂಜೆ ಹಿಡಿಯಿತು, ಉತ್ತರಕ್ಕೆ ಎರಡು ತಿಂಗಳು.

ಒಂದು ನೋಟ್‌ಬುಕ್ ಇಡಿ. ಯಾವ ವಾರ ಯಾರು ರಜೆ ಇದ್ದರು, ಯಾವ ದಿನ ಪ್ರಿಂಟರ್ ಕೆಟ್ಟಿತು, ತಾತ್ಕಾಲಿಕವಾಗಿ ಬರುವ ಟ್ರಾವೆಲ್ ನರ್ಸ್‌ಗಳು ಎಷ್ಟು ಜನ ಬಂದರು, ಎಲ್ಲ. ಕೊನೆಗೆ ವರದಿ ಬರೆಯುವಾಗ ಸ್ಕೂಲಿನವರು ಸುಧಾರಣೆ ಕೆಲಸದ ವರದಿ ಹೇಗಿರಬೇಕು ಅಂತ ಹೇಳುವ ಸ್ಕ್ವೈರ್ 2.0 ಮಾರ್ಗಸೂಚಿ ಹಿಡಿದು ಕೇಳುತ್ತಾರೆ, 2015ರದ್ದು. ಏನು ಮಾಡಿದಿರಿ ಅನ್ನುವಷ್ಟೇ ಯಾವ ಸನ್ನಿವೇಶದಲ್ಲಿ ಮಾಡಿದಿರಿ ಅನ್ನುವುದೂ ಅದಕ್ಕೆ ಬೇಕು. ಆರು ತಿಂಗಳ ನಂತರ ನೆನಪಿನಿಂದ ಬರೆಯಲು ಆಗುವುದಿಲ್ಲ.

ಬಿಟ್ಟು ಹೋಗುವ ಪ್ಲಾನು

ಪ್ರೊಪೋಸಲ್ ಬರೆಯುವಾಗಲೇ ಒಂದು ಸಾಲು ತುಂಬಿ: ನಾನು ಹೋದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು? ಅಲ್ಲಿ "ಯೂನಿಟ್ ಕೌನ್ಸಿಲ್" (ವಾರ್ಡ್‌ನ ನರ್ಸ್‌ಗಳ ಸಮಿತಿ) ಅಂತ ಬರೆದರೆ ಯಾರೂ ಇಲ್ಲ ಅಂತಲೇ ಅರ್ಥ. ಒಬ್ಬ ಮನುಷ್ಯರ ಹೆಸರು ಬೇಕು, ಅವರಿಗೆ ಅದು ಗೊತ್ತಿರಬೇಕು. ಹೊಸ ನರ್ಸ್‌ಗಳ ಓರಿಯಂಟೇಷನ್ ಪಟ್ಟಿಯಲ್ಲಿ ನಿಮ್ಮ ಹಾಳೆ ಸೇರಿದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಅದನ್ನು ಹೊತ್ತುಕೊಂಡವರು ಆ ನೈಟ್ ಶಿಫ್ಟ್‌ನವರೇ.

ಮುಗಿದು ಎರಡು ತಿಂಗಳಿಗೆ ಅವರಿಂದಲೇ ಫೋನ್ ಬಂತು. ಹಾಳೆಯಲ್ಲಿದ್ದ ಕ್ಲಿನಿಕ್‌ನ ಫೋನ್ ನಂಬರ್ ಬದಲಾಗಿದೆ, ತಿದ್ದೋಣ ಅಂದರೆ ಆಗುತ್ತಿಲ್ಲ, ಮೂರು ದಿನದಿಂದ ಪೆನ್ನಿನಲ್ಲಿ ಹೊಡೆದು ಬರೆಯುತ್ತಿದ್ದೇವೆ ಅಂದರು. ನಾನು ಕೊಟ್ಟು ಬಂದಿದ್ದು ಪಿಡಿಎಫ್. ಅವತ್ತು ರಾತ್ರಿ ಶಿಫ್ಟ್‌ಗೆ ಹೋಗುವಾಗ ವರ್ಡ್ ಫೈಲ್ ಅವರ ಡ್ರೈವ್‌ಗೆ ಹಾಕಿದೆ. ನೀವು ಮೊದಲೇ ಹಾಕಿ.